ಬಡ್ಡಿ ಇಲ್ಲದ ಸಾಲದ ಖರ್ಚು ಯಾರ ಲೆಕ್ಕಕ್ಕೆ?

ಸಾಲ ಅಂದ ಮೇಲೆ ಬಡ್ಡಿ ಇದ್ದೇ ಇರುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಎಜುಕೇಶನ್ ಲೋನ್ ಮಾಡಿಸಿದವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಬಡ್ಡಿ ತಗೊಳ್ಳುವುದೂ ತಪ್ಪು, ಕೊಡುವುದೂ ತಪ್ಪು ಅಂತ ನಂಬುವ ಕೋಟ್ಯಂತರ ಜನ ಜಗತ್ತಿನಲ್ಲಿದ್ದಾರೆ. ಅವರಲ್ಲಿ ಟೈಲರ್‌ಗಳಿದ್ದಾರೆ, ತರಕಾರಿ ಮಾರುವವರಿದ್ದಾರೆ, ಪಂಕ್ಚರ್ ಅಂಗಡಿಯವರಿದ್ದಾರೆ, ಬೇಕರಿಯವರಿದ್ದಾರೆ. ಇವರಿಗೂ ಬಂಡವಾಳ ಬೇಕಲ್ವಾ? ಅದು ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಬೆಳೆದದ್ದು ಇಸ್ಲಾಮಿಕ್ ಮೈಕ್ರೋಫೈನಾನ್ಸ್. ಹೆಸರು ಕೇಳಿದ ತಕ್ಷಣ ಇದು ಧರ್ಮದ ವಿಷಯ, ನಮಗ್ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಮಗೆ ಆಸಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಇದನ್ನು ಒಂದು ಡಿಸೈನ್ ಪ್ರಾಬ್ಲಂ ಅಂತ ನೋಡಿ. ಕನ್‌ಸ್ಟ್ರೇಂಟ್ ಒಂದೇ: ಬಡ್ಡಿ ಇರಬಾರದು. ಅದರೊಳಗೆ ಅಡವಿಡಲು ಏನೂ ಇಲ್ಲದ ವ್ಯಾಪಾರಿಗೆ ಬಂಡವಾಳ ತಲುಪಬೇಕು, ಕೊಡುವ ಸಂಸ್ಥೆಯೂ ಮುಳುಗಬಾರದು. ಬೇರೆ ಬೇರೆ ದೇಶದವರು ಇದಕ್ಕೆ ಬೇರೆ ಬೇರೆ ಪರಿಹಾರ ಹುಡುಕಿದ್ದಾರೆ. ಕೆಲವು ಓಡುತ್ತಿವೆ, ಕೆಲವು ಕುಂಟುತ್ತಿವೆ.

ಸಣ್ಣ ಸಾಲ ಯಾಕೆ ದುಬಾರಿ?

ಮೊದಲು ಮಾಮೂಲಿ ಮೈಕ್ರೋಫೈನಾನ್ಸ್ ಕಥೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟರು. ಎಲ್ಲರಿಗೂ ಸೇರಿ 27! ಅಷ್ಟು ಸಣ್ಣ ಮೊತ್ತ ಇಲ್ಲದೆ ಅವರು ಸಾಲ ಕೊಡುವ ವ್ಯಾಪಾರಿಗಳ ಹಿಡಿತದಲ್ಲಿದ್ದರು. ಅಲ್ಲಿಂದ ಗ್ರಾಮೀಣ ಬ್ಯಾಂಕ್ ಬೆಳೆಯಿತು, 2006ರಲ್ಲಿ ಯೂನುಸ್ ಮತ್ತು ಬ್ಯಾಂಕ್ ಇಬ್ಬರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಸ್ತಿ ಅಡವಿಡುವ ಬದಲು ಅಕ್ಕಪಕ್ಕದವರು ಗುಂಪಾಗಿ ಒಬ್ಬರಿಗೊಬ್ಬರು ನಿಲ್ಲುವುದು ಈ ಮಾದರಿಯ ಜೀವಾಳ. ನಮ್ಮೂರುಗಳಲ್ಲಿ ಹೆಂಗಸರ 'ಸಂಘ' ಅಂತ ನಾವು ನೋಡಿರುವುದರಲ್ಲೂ ಇದೇ ತರ್ಕವಿದೆ.

ಇಲ್ಲಿ ಬಡ್ಡಿ ಕಡಿಮೆ ಏನಲ್ಲ. ನಮ್ಮ ದೇಶದ ಮೈಕ್ರೋಫೈನಾನ್ಸ್ ಕಂಪನಿಗಳಲ್ಲಿ ವರ್ಷಕ್ಕೆ ಶೇ. 24ರ ಆಸುಪಾಸು ಸಾಮಾನ್ಯ. ಹೋಮ್ ಲೋನಿಗೆ ಇದರ ಅರ್ಧವೂ ಇಲ್ಲ. ಬಡವರಿಗೇ ಯಾಕೆ ಜಾಸ್ತಿ? ಲಾಭದ ಆಸೆ ಒಂದು ಕಾರಣ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಓಡಾಟದ ಖರ್ಚು. ಒಂದು ಸಾಲ ಕೊಟ್ಟು ವಸೂಲಿ ಮಾಡಲು ಸಿಬ್ಬಂದಿ ಸಂಬಳ, ಪೆಟ್ರೋಲು, ಕಾಗದಪತ್ರ ಎಲ್ಲ ಸೇರಿ 1,000 ರೂಪಾಯಿ ಆಗುತ್ತೆ ಅಂತ ಇಟ್ಟುಕೊಳ್ಳಿ. ಸಾಲ 10 ಲಕ್ಷದ್ದಾದರೆ ಇದು ಶೇ. 0.1. ಅದೇ 10,000ದ್ದಾದರೆ ಶೇ. 10. ಫಿಕ್ಸೆಡ್ ಕಾಸ್ಟ್ ಅಷ್ಟೇ, ಭಾಗಿಸುವ ಸಂಖ್ಯೆ ಚಿಕ್ಕದು.

ಹಾಗಾಗಿ ಬಡ್ಡಿ ಬೇಡ ಅಂದರೆ ದುಡ್ಡಿನ ಬಾಡಿಗೆ ಮಾತ್ರ ಹೋಗುತ್ತದೆ, ಈ 1,000 ರೂಪಾಯಿ ಹೋಗುವುದಿಲ್ಲ. ಸಾಲ ತೀರಿಸಲಾಗದೆ ಹೋದವರ ನಷ್ಟವೂ ಹೋಗುವುದಿಲ್ಲ. ಅವನ್ನು ಯಾರೋ ಹೊರಬೇಕು. ಯಾರು ಹೊರುತ್ತಾರೆ ಅಂತ ಕೇಳುತ್ತಾ ಹೋದರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ.

ಇಸ್ಲಾಮಿನಲ್ಲಿ ನಿಷೇಧ ಇರುವುದು 'ರಿಬಾ'ಕ್ಕೆ. ಬ್ಯಾಂಕ್ ಬಡ್ಡಿಯೂ ರಿಬಾ ಅಂತ ಬಹುಪಾಲು ವಿದ್ವಾಂಸರು ಹೇಳುತ್ತಾರೆ, ಅಲ್ಲ ಅನ್ನುವವರೂ ಕೆಲವರಿದ್ದಾರೆ. ಆದರೆ ಲಾಭಕ್ಕೆ ನಿಷೇಧ ಇಲ್ಲ, ವ್ಯಾಪಾರಕ್ಕೆ ಇಲ್ಲ. ದುಡ್ಡು ಕೊಟ್ಟು ಜಾಸ್ತಿ ದುಡ್ಡು ತಗೊಳ್ಳಬಾರದು; ಸರಕು ಕೊಂಡು ಲಾಭಕ್ಕೆ ಮಾರಬಹುದು, ನಷ್ಟದಲ್ಲೂ ಪಾಲು ಇರುವಂತೆ ಒಬ್ಬರ ವ್ಯಾಪಾರಕ್ಕೆ ಬಂಡವಾಳ ಹಾಕಬಹುದು. ಇದನ್ನು ಆಧುನಿಕ ಬ್ಯಾಂಕಿನ ರೂಪದಲ್ಲಿ ಮಾಡಿ ನೋಡಿದ ಮೊದಲಿಗರಲ್ಲಿ ಈಜಿಪ್ಟಿನ ಅಹ್ಮದ್ ಅಲ್-ನಜ್ಜಾರ್ ಒಬ್ಬರು. ಜರ್ಮನಿಯಲ್ಲಿ ಓದಿ, ಅಲ್ಲಿನ ಊರ ಉಳಿತಾಯ ಬ್ಯಾಂಕುಗಳನ್ನು ನೋಡಿ ಬಂದು, 1963ರಲ್ಲಿ ಮಿತ್ ಘಮ್ರ್ ಎಂಬ ಊರಲ್ಲಿ ಬಡ್ಡಿ ಇಲ್ಲದ ಉಳಿತಾಯ ಬ್ಯಾಂಕ್ ಶುರುಮಾಡಿದರು. ಗ್ರಾಹಕರು ರೈತರು, ಸಣ್ಣ ಕಸುಬಿನವರು. ನಾಲ್ಕೈದು ವರ್ಷದೊಳಗೆ ಅದು ಮುಚ್ಚಿಹೋಯಿತು, ಆದರೆ ಆಮೇಲಿನವರಿಗೆ ದಾರಿ ಕಂಡಿತ್ತು.

ದಾನದ ದುಡ್ಡು, ಮಸೀದಿಯ ಜಾಗ

ಪಾಕಿಸ್ತಾನದ 'ಅಖುವತ್' ಸಂಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ, ಯಾಕಂದರೆ ಇದರಷ್ಟು ದೊಡ್ಡದಾಗಿ ಬಡ್ಡಿಯೇ ಇಲ್ಲದ ಸಾಲ ಕೊಟ್ಟವರು ಕಡಿಮೆ. 2001ರಲ್ಲಿ ಲಾಹೋರಿನಲ್ಲಿ ಡಾ. ಅಮ್ಜದ್ ಸಾಕಿಬ್ ಮತ್ತು ಗೆಳೆಯರು ಒಬ್ಬ ಹೆಂಗಸಿಗೆ 10,000 ರೂಪಾಯಿ ಕೊಟ್ಟರು. ಆಕೆ ಅದನ್ನು ತೀರಿಸಿದರು. ಅದೇ ಶುರು. ಸರ್ಕಾರಿ ಅಧಿಕಾರಿಯಾಗಿದ್ದ ಸಾಕಿಬ್ ಆಮೇಲೆ ಕೆಲಸ ಬಿಟ್ಟು ಇದಕ್ಕೇ ನಿಂತರು. 2021ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇವರು ಕೊಡುವುದಕ್ಕೆ 'ಕರ್ಜ್-ಎ-ಹಸನ್' ಅನ್ನುತ್ತಾರೆ, ಒಳ್ಳೆಯ ಸಾಲ ಅಂತ ಅರ್ಥ. ಕೊಟ್ಟಷ್ಟೇ ವಾಪಸ್, ಒಂದು ರೂಪಾಯಿಯೂ ಹೆಚ್ಚಿಲ್ಲ. ಅರ್ಜಿಗೆ ಸಣ್ಣ ಶುಲ್ಕ ಮಾತ್ರ. ಹಾಗಾದರೆ ಆ 1,000 ರೂಪಾಯಿ?

ಒಂದು, ಖರ್ಚನ್ನೇ ಕಿತ್ತುಹಾಕಿದರು. ಸಾಲ ಹಂಚುವ ಸಭೆ ನಡೆಯುವುದು ಮಸೀದಿಯಲ್ಲಿ. ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಮೇಲಾಗಿ ಎಲ್ಲರ ಎದುರು ಕೈನೀಡಿ ತಗೊಂಡ ಸಾಲ ಎಂಬ ಭಾರವೂ ಇರುತ್ತದೆ. ಚರ್ಚುಗಳಲ್ಲಿ, ದೇವಸ್ಥಾನಗಳಲ್ಲಿಯೂ ಹಂಚಿದ್ದಾರೆ, ಬೇರೆ ಧರ್ಮದವರಿಗೂ ಸಾಲ ಇದೆ. ಶಾಖೆಗಳಲ್ಲಿ ಎಸಿ, ಸೋಫಾ ಏನೂ ಇಲ್ಲ, ಸಿಬ್ಬಂದಿ ನೆಲದ ಮೇಲೆ ಕೂತು ಕೆಲಸ ಮಾಡುತ್ತಾರೆ. ಎರಡು, ಉಳಿದ ಖರ್ಚು ದಾನದಿಂದ. ಇದರಲ್ಲಿ ನಮಗೆ ತುಂಬಾ ಹಿಡಿಸಿದ ಅಂಶ ಅಂದರೆ ಸಾಲ ತಗೊಂಡವರನ್ನೇ ದಾನಿಗಳಾಗಿಸಿದ್ದು. ಅಂಗಡಿ ಸ್ವಲ್ಪ ಕುದುರಿದ ಮೇಲೆ ಅಲ್ಲೇ ಒಂದು ಡಬ್ಬಿ ಇಟ್ಟು ದಿನಕ್ಕೆ ಇಷ್ಟು ಅಂತ ಹಾಕುತ್ತಾರೆ. ಕಡ್ಡಾಯವಲ್ಲ. ಮೂರು, ಸರ್ಕಾರ. 2011ರಿಂದ ಪಂಜಾಬ್ ಪ್ರಾಂತ್ಯದ ಸರ್ಕಾರ ತನ್ನ ಸ್ವಉದ್ಯೋಗ ಯೋಜನೆಯ ದುಡ್ಡನ್ನು ಅಖುವತ್ ಮೂಲಕ ಹಂಚತೊಡಗಿತು. ಸಂಸ್ಥೆ ಇಷ್ಟು ವೇಗವಾಗಿ ಬೆಳೆದದ್ದರ ಹಿಂದೆ ಈ ಸರ್ಕಾರಿ ದುಡ್ಡಿನ ಪಾಲು ದೊಡ್ಡದು. ವಸೂಲಿ ಶೇ. 99ಕ್ಕೂ ಮೇಲೆ ಅಂತ ಸಂಸ್ಥೆ ಹೇಳಿಕೊಳ್ಳುತ್ತದೆ.

ಇಷ್ಟೆಲ್ಲ ಚೆನ್ನಾಗಿದ್ದರೂ ಒಂದು ಸೋರುವ ತೂತಿದೆ, ಹಣದುಬ್ಬರ. 2023ರ ಮೇ ತಿಂಗಳಲ್ಲಿ ಪಾಕಿಸ್ತಾನದ ಹಣದುಬ್ಬರ ಶೇ. 38 ಮುಟ್ಟಿತ್ತು. ಆ ವೇಗದಲ್ಲಿ ಬೆಲೆ ಏರುವಾಗ, ಕೊಟ್ಟ 50,000 ಪೂರ್ತಿ ವಾಪಸ್ ಬಂದರೂ ಮುಂದಿನ ವರ್ಷ ಅದರಲ್ಲಿ ಅದೇ ಹೊಲಿಗೆ ಮಷೀನ್ ಬರುವುದಿಲ್ಲ. ಒಬ್ಬರೂ ಬಾಕಿ ಉಳಿಸದಿದ್ದರೂ ನಿಧಿ ಕರಗುತ್ತಾ ಹೋಗುತ್ತದೆ. ಅದನ್ನು ತುಂಬಲು ಮತ್ತೆ ದಾನ ಬೇಕು, ಇಲ್ಲವೇ ಸರ್ಕಾರ ಬೇಕು. ಅಂದರೆ ಇಲ್ಲಿ ಖರ್ಚು ದಾನಿಯ ಮತ್ತು ತೆರಿಗೆ ಕಟ್ಟುವವರ ಲೆಕ್ಕಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಲೆಕ್ಕ ಅದು.

ದುಡ್ಡು ಬೇಡ, ಮಷೀನ್ ತಗೋ

ದಾನದ ಮೇಲೆ ನಿಲ್ಲಲಾಗದ ಸಂಸ್ಥೆಗಳು ಹಿಡಿದ ದಾರಿ 'ಮುರಾಬಹ'. ಟೈಲರಿಗೆ ಮಷೀನ್ ಬೇಕು. ಸಂಸ್ಥೆ ದುಡ್ಡು ಕೊಡುವ ಬದಲು ತಾನೇ 50,000ಕ್ಕೆ ಮಷೀನ್ ಕೊಳ್ಳುತ್ತದೆ. ಕೊಂಡ ಬೆಲೆ ಇಷ್ಟು, ನಮ್ಮ ಲಾಭ ಇಷ್ಟು ಅಂತ ಮುಚ್ಚಿಡದೆ ಹೇಳಿ ಆಕೆಗೆ ಮಾರುತ್ತದೆ. ಆಕೆ ಕಂತಿನಲ್ಲಿ ತೀರಿಸುತ್ತಾರೆ. ಜಗತ್ತಿನ ಇಸ್ಲಾಮಿಕ್ ಮೈಕ್ರೋಫೈನಾನ್ಸ್‌ನಲ್ಲಿ ಬಹುಪಾಲು ನಡೆಯುವುದು ಇದೇ. ಬಾಂಗ್ಲಾದೇಶದ ಇಸ್ಲಾಮಿ ಬ್ಯಾಂಕ್ 1995ರಲ್ಲಿ ಶುರುಮಾಡಿದ ಗ್ರಾಮೀಣ ಯೋಜನೆಯೂ ಇದೇ ಜಾತಿಯದು: ಗ್ರಾಮೀಣ ಬ್ಯಾಂಕಿನಂತೆಯೇ 5 ಜನರ ಗುಂಪು, ಆದರೆ ಸಾಲದ ಬದಲು ಸರಕಿನ ಮಾರಾಟ.

'ಇದು ಬಡ್ಡಿಗೇ ಬೇರೆ ಹೆಸರು ಕೊಟ್ಟ ಹಾಗಲ್ವಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಲೆಕ್ಕ ಹಾಕಿ ನೋಡೋಣ.

ಮಾಮೂಲಿ ಸಾಲ: 50,000 ರೂಪಾಯಿ, ವರ್ಷಕ್ಕೆ ಶೇ. 24, ಉಳಿದ ಅಸಲಿನ ಮೇಲೆ ಬಡ್ಡಿ, 12 ಕಂತು. ಕಂತು ಸುಮಾರು 4,728 ಆಗುತ್ತದೆ, ಒಟ್ಟು 56,736. ಈಗ ಮುರಾಬಹ ಸಂಸ್ಥೆ ಅದೇ ಮಷೀನನ್ನು 56,736ಕ್ಕೆ ಮಾರಿತು ಅನ್ನಿ. ಕಂತು ಅದೇ, ಒಟ್ಟು ಅದೇ. ಎಲ್ಲ ಸುಸೂತ್ರ ನಡೆದರೆ ಟೈಲರಮ್ಮನ ಕೈಯಿಂದ ಹೋಗುವ ದುಡ್ಡಿನಲ್ಲಿ ಒಂದು ಪೈಸೆಯ ವ್ಯತ್ಯಾಸ ಇಲ್ಲ.

ವ್ಯತ್ಯಾಸ ಕಾಣುವುದು ಸುಸೂತ್ರ ನಡೆಯದಿದ್ದಾಗ. ಆರು ಕಂತು ಕಟ್ಟಿದ ಮೇಲೆ ಆಕೆಗೆ ಹುಷಾರಿಲ್ಲ, ಮೂರು ತಿಂಗಳು ಹೊಲಿಗೆ ನಿಂತಿತು. ಮಾಮೂಲಿ ಸಾಲದಲ್ಲಿ ಆ ಹೊತ್ತಿಗೆ ಬಾಕಿ ಅಸಲು ಸುಮಾರು 26,480. ತಿಂಗಳಿಗೆ ಶೇ. 2ರಂತೆ ಮೂರು ತಿಂಗಳಲ್ಲಿ ಅದು 28,100 ದಾಟುತ್ತದೆ. ಮತ್ತೆ ಆರು ಕಂತಿನಲ್ಲಿ ಮುಗಿಸಬೇಕಾದರೆ ಕಂತು 5,017ಕ್ಕೆ ಏರುತ್ತದೆ, ದಂಡ ಇದ್ದರೆ ಅದು ಬೇರೆ. ಈಗಷ್ಟೇ ಎದ್ದು ಕೂತವರಿಗೆ ಮೊದಲಿಗಿಂತ ದೊಡ್ಡ ಕಂತು! ಮುರಾಬಹದಲ್ಲಿ ಬೆಲೆ ಒಮ್ಮೆ ನಿಗದಿಯಾದರೆ ಮುಗಿಯಿತು, ತಡವಾಯಿತು ಅಂತ ಏರಿಸುವ ಹಾಗಿಲ್ಲ. ಉಳಿದ ಆರು ಕಂತು ಅದೇ 4,728. ಬೇಕಂತಲೇ ತಡ ಮಾಡುವವರಿಗೆ ಕೆಲವು ಸಂಸ್ಥೆಗಳು ದಂಡ ಹಾಕುತ್ತವೆ, ಆದರೆ ಆ ದುಡ್ಡನ್ನು ತಮ್ಮ ಲಾಭಕ್ಕೆ ಸೇರಿಸಿಕೊಳ್ಳದೆ ದಾನಕ್ಕೆ ಕೊಡಬೇಕು. ಮೂರು ತಿಂಗಳ ತಡದ ಖರ್ಚು ಇಲ್ಲಿ ಸಂಸ್ಥೆಯ ತಲೆಗೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ತಡವಾದರೆ ಬೆಲೆ ಏರದ ಹಾಗೆಯೇ, ಬೇಗ ತೀರಿಸಿದರೆ ತಾನಾಗಿ ಇಳಿಯುವುದೂ ಇಲ್ಲ. ರಿಯಾಯಿತಿ ಕೊಡುವುದು ಬಿಡುವುದು ಸಂಸ್ಥೆಗೆ ಬಿಟ್ಟದ್ದು. ಇನ್ನು ಸರಕನ್ನು ಸಂಸ್ಥೆ ನಿಜವಾಗಿ ಕೊಳ್ಳಬೇಕು, ಮಾರುವ ತನಕ ಅದು ಕೆಟ್ಟರೆ ನಷ್ಟ ಸಂಸ್ಥೆಯದೇ ಆಗಬೇಕು. ಲಾಭಕ್ಕೆ ನ್ಯಾಯ ಸಿಗುವುದೇ ಆ ರಿಸ್ಕಿನಿಂದ. ಆದರೆ ಪ್ರತಿ ಗ್ರಾಹಕರ ಜೊತೆ ಅಂಗಡಿಗೆ ಹೋಗಿ ಮಷೀನ್, ಕೋಳಿಮರಿ, ಸಿಮೆಂಟು ಕೊಳ್ಳುತ್ತಾ ಕೂತರೆ ಓಡಾಟದ ಖರ್ಚು ಮಾಮೂಲಿ ಸಾಲಕ್ಕಿಂತ ಜಾಸ್ತಿ. ಆದ್ದರಿಂದ ಹಲವು ಕಡೆ ಶಾರ್ಟ್‌ಕಟ್ ಹೊಡೆಯುತ್ತಾರೆ: ದುಡ್ಡನ್ನೇ ಕೈಗೆ ಕೊಟ್ಟು, 'ನಮ್ಮ ಪರವಾಗಿ ನೀವೇ ಕೊಂಡುಕೊಳ್ಳಿ, ಬಿಲ್ ತಂದುಕೊಡಿ' ಅನ್ನುವುದು. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಹೇಗೆ ಬರುತ್ತೆ ಅಂತ ಗೊತ್ತಿರುವ ನಮಗೆ ಆ ಬಿಲ್ ಹೇಗೆ ಬರುತ್ತೆ ಅಂತ ಊಹಿಸುವುದು ಕಷ್ಟವಲ್ಲ. ಆಗ 'ಬರೀ ಹೆಸರು ಬದಲು' ಅನ್ನುವ ಟೀಕೆ ಪೂರ್ತಿ ಸರಿ.

ಕಂತು ಬಾಗಬೇಕು ಅನ್ನುವುದು ಧರ್ಮದ ಮಾತು ಮಾತ್ರವಲ್ಲ. ಕೋಲ್ಕತ್ತಾದಲ್ಲಿ ಮಾಮೂಲಿ ಮೈಕ್ರೋಫೈನಾನ್ಸ್ ಗ್ರಾಹಕರ ಮೇಲೆ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಕೆಲವರಿಗೆ ಎಂದಿನಂತೆ ಎರಡು ವಾರಕ್ಕೇ ಕಂತು ಶುರು, ಕೆಲವರಿಗೆ ಎರಡು ತಿಂಗಳ ಬಿಡುವು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ದುಡ್ಡು ಹಾಕಿದರು, ಮುಂದೆ ಅವರ ಲಾಭವೂ ಹೆಚ್ಚಿತು. ಜೊತೆಗೆ ಸಾಲ ತೀರಿಸದವರ ಸಂಖ್ಯೆಯೂ ಹೆಚ್ಚಿತು. ವ್ಯಾಪಾರ ಅಂದರೆ ರಿಸ್ಕ್, ರಿಸ್ಕ್ ತಗೊಂಡವರಲ್ಲಿ ಕೆಲವರು ಬಿದ್ದೇ ಬೀಳುತ್ತಾರೆ. ಹೈದರಾಬಾದಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಮಾಡಿದ ಅಧ್ಯಯನ ಇನ್ನೂ ತಣ್ಣಗಿನ ಮಾತು ಹೇಳಿತು: ಕಿರುಸಾಲದಿಂದ ಬಡತನ ಮಾಯವಾಗಲಿಲ್ಲ, ಮೊದಲೇ ವ್ಯಾಪಾರ ಇದ್ದ ಕೆಲವರಿಗೆ ಅದನ್ನು ಹಿಗ್ಗಿಸಲು ಉಪಯೋಗವಾಯಿತು. ಬಡ್ಡಿ ಇಲ್ಲ ಅಂದ ಮಾತ್ರಕ್ಕೆ ಈ ಮಿತಿ ಹೋಗುತ್ತದೆ ಅಂತ ನಮಗೆ ಅನ್ನಿಸುವುದಿಲ್ಲ.

ಪುಸ್ತಕದಲ್ಲಿ ಚಂದ, ರಸ್ತೆಯಲ್ಲಿ ಕಷ್ಟ

ಇಸ್ಲಾಮಿಕ್ ಹಣಕಾಸಿನ ಪುಸ್ತಕಗಳು ಹೆಚ್ಚು ಹೊಗಳುವುದು ಪಾಲುದಾರಿಕೆಯನ್ನು. 'ಮುದಾರಬ'ದಲ್ಲಿ ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು. ಲಾಭವನ್ನು ಮೊದಲೇ ಒಪ್ಪಿದ ಪಾಲಿನಲ್ಲಿ ಹಂಚಿಕೊಳ್ಳುತ್ತಾರೆ, ನಷ್ಟವಾದರೆ ದುಡ್ಡು ಹಾಕಿದವರದು ದುಡ್ಡು ಹೋಯಿತು, ದುಡಿದವರದು ದುಡಿಮೆ ಹೋಯಿತು. 'ಮುಷಾರಕ'ದಲ್ಲಿ ಇಬ್ಬರೂ ಬಂಡವಾಳ ಹಾಕುತ್ತಾರೆ. ಸ್ಟಾರ್ಟಪ್ ಕ್ಲಬ್‌ನಲ್ಲಿರುವವರಿಗೆ ಇದು ಗೊತ್ತಿರುವ ವಿಷಯವೇ, ವೆಂಚರ್ ಕ್ಯಾಪಿಟಲ್‌ನ ಹತ್ತಿರದ ಸಂಬಂಧಿ.

ಸಣ್ಣ ವ್ಯಾಪಾರಿಗೆ ಇದಕ್ಕಿಂತ ನ್ಯಾಯವಾದದ್ದು ಇಲ್ಲ ಅನ್ನಿಸುತ್ತದೆ. ಆದರೂ ಇದು ಎಲ್ಲ ದೇಶಗಳಲ್ಲೂ ಅಪರೂಪ. ಕಾರಣ ಸರಳ: ಲಾಭ ಹಂಚಬೇಕಾದರೆ ಲಾಭ ಎಷ್ಟು ಅಂತ ಗೊತ್ತಿರಬೇಕು. ಟೀ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಲೋಟ ಹೋಯಿತು, ಮನೆಗೆ ಒಯ್ದ ಹಾಲು ಎಷ್ಟು, ಮಗನ ಫೀಸಿಗೆ ಗಲ್ಲಾದಿಂದ ತೆಗೆದದ್ದು ಎಷ್ಟು? ಹಾಸ್ಟೆಲ್ ಮೆಸ್ ಬಿಲ್ಲನ್ನೇ ತಿಂಗಳ ಕೊನೆಗೆ ತಾಳೆ ಮಾಡಲಾಗದ ನಾವು ಬೇರೆಯವರಿಗೆ ಲೆಕ್ಕ ಬರೆಯಿರಿ ಅಂತ ಹೇಳುವುದು ಹೇಗೆ! ಲೆಕ್ಕ ಬರೆದರೂ, ಲಾಭ ಕಡಿಮೆ ತೋರಿಸಿದರೆ ಕೊಡಬೇಕಾದ್ದೂ ಕಡಿಮೆ. ಅದನ್ನು ಪರೀಕ್ಷಿಸಲು ಆಳು ಕಳಿಸಿದರೆ ಮತ್ತೆ ಆ 1,000 ರೂಪಾಯಿ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಇಂಡೋನೇಷ್ಯಾದ 'ಬಿಎಂಟಿ' ಎಂಬ ಸಹಕಾರಿ ಸಂಸ್ಥೆಗಳು ಇದಕ್ಕೆ ತಕ್ಕಮಟ್ಟಿನ ಉಪಾಯ ಮಾಡಿವೆ. ಒಂದೇ ಸೂರಿನಡಿ ಎರಡು ಗಲ್ಲಾ: ಒಂದು ದಾನದ್ದು, ಇನ್ನೊಂದು ವ್ಯಾಪಾರದ್ದು. ತೀರಾ ಬಡವರಿಗೆ ಮೊದಲನೆಯದರಿಂದ ಸಹಾಯ, ಕಾಲ ಮೇಲೆ ನಿಂತವರಿಗೆ ಎರಡನೆಯದರಿಂದ ಬಂಡವಾಳ. ಸಿಬ್ಬಂದಿ ಸಂತೆಮಾರುಕಟ್ಟೆಗಳಲ್ಲಿ ಓಡಾಡಿ ಉಳಿತಾಯ, ಕಂತು ಎರಡನ್ನೂ ವಸೂಲಿ ಮಾಡುವುದರಿಂದ ಯಾರ ವ್ಯಾಪಾರ ಹೇಗಿದೆ ಅಂತ ಕಣ್ಣಿಗೆ ಬೀಳುತ್ತದೆ. ಸುಡಾನಿನಲ್ಲಿ ರೈತರಿಗೆ 'ಸಲಂ' ಇದೆ, ಬೆಳೆಗೆ ಮುಂಚೆಯೇ ಪೂರ್ತಿ ದುಡ್ಡು ಕೊಟ್ಟು ಸುಗ್ಗಿಯಲ್ಲಿ ಧಾನ್ಯ ತಗೊಳ್ಳುವುದು. ಕೇಳಲು ಚೆನ್ನಾಗಿದೆ, ಆದರೆ ಸುಗ್ಗಿಯ ಹೊತ್ತಿಗೆ ಬೆಲೆ ವಿಪರೀತ ಏರಿದಾಗ ರೈತರು ನಾವು ಮೋಸಹೋದೆವು ಅಂತ ತಿರುಗಿಬಿದ್ದರು. ಅಂತರ ತೀರಾ ಹೆಚ್ಚಾದರೆ ಬ್ಯಾಂಕ್ ಸ್ವಲ್ಪ ತುಂಬಿಕೊಡಬೇಕು ಎಂಬ ಷರತ್ತು ಸೇರಿಸಬೇಕಾಯಿತು.

ನಮ್ಮ ಕಡೆ

ಕರ್ನಾಟಕಕ್ಕೂ ಈ ವಿಷಯಕ್ಕೂ ನಂಟಿದೆ, ಅದರಲ್ಲಿ ಕಹಿಯೂ ಇದೆ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಂಥ ರೇಷ್ಮೆ ಊರುಗಳಲ್ಲಿ ಅಲ್ಲಿನ ಅಂಜುಮನ್ ಸಮಿತಿಗಳು ಮುಸ್ಲಿಂ ಮಹಿಳೆಯರಿಗೆ ಮೈಕ್ರೋಫೈನಾನ್ಸ್ ಕಂಪನಿಗಳ ಜೊತೆ ವ್ಯವಹಾರ ಮಾಡಬೇಡಿ ಅಂದವು, ಕಂತು ಕಟ್ಟುವುದು ದಿಢೀರನೆ ನಿಂತಿತು. ಬಡ್ಡಿ ಧರ್ಮಕ್ಕೆ ವಿರುದ್ಧ ಎಂಬುದು ಒಂದು ಮಾತಾಗಿತ್ತು. ಆದರೆ ಹಿಂದಿನ ಕಥೆ ಬೇರೆ: ರೇಷ್ಮೆ ವ್ಯಾಪಾರ ಇಳಿದಿತ್ತು, ಒಂದೇ ಮನೆಗೆ ನಾಲ್ಕಾರು ಕಂಪನಿಗಳ ಸಾಲ ಬಿದ್ದಿತ್ತು, ವಾರದ ಕಂತು ಮಾತ್ರ ಯಾವುದಕ್ಕೂ ಕಾಯುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ವಸೂಲಿ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗಲೂ ಊರು, ಜಾತಿ, ಧರ್ಮ ಯಾವುದೇ ಇರಲಿ, ದೂರು ಇದೇ ಇತ್ತು.

ಬಡ್ಡಿ ಇಲ್ಲ ಎಂಬ ಮಾತೇ ಬಲೆಯಾದದ್ದನ್ನೂ ಬೆಂಗಳೂರು ನೋಡಿದೆ. ಹಲಾಲ್ ಲಾಭ ಕೊಡುತ್ತೇವೆ ಅಂತ ಜನರಿಂದ ಹೂಡಿಕೆ ಸಂಗ್ರಹಿಸಿದ ಐಎಂಎ ಕಂಪನಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು, ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅದು ಮೈಕ್ರೋಫೈನಾನ್ಸ್ ಅಲ್ಲ, ಅಲ್ಲಿ ಜನ ದುಡ್ಡು ಹಾಕಿದ್ದರೇ ಹೊರತು ಸಾಲ ತಗೊಂಡಿರಲಿಲ್ಲ. ಆದರೂ ಇಲ್ಲಿ ಹೇಳುತ್ತಿದ್ದೇವೆ, ಯಾಕಂದರೆ ನಿಜವಾದ ಪಾಲುದಾರಿಕೆಯಲ್ಲಿ ಲಾಭ ಏರಿಳಿಯುತ್ತದೆ, ಕೆಲವು ತಿಂಗಳು ಏನೂ ಬರುವುದಿಲ್ಲ. ತಪ್ಪದೆ ತಿಂಗಳು ತಿಂಗಳೂ ಒಳ್ಳೆಯ ಲಾಭ ಬರುತ್ತಿದ್ದರೆ, ಅದು ಎಲ್ಲಿಂದ ಬರುತ್ತಿದೆ ಅಂತ ಕೇಳಬೇಕು.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ನಮ್ಮ ಬ್ಯಾಂಕಿಂಗ್ ಕಾನೂನು ಬಡ್ಡಿಯನ್ನು ಆಧಾರವಾಗಿಟ್ಟುಕೊಂಡೇ ಬರೆದದ್ದು. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೂ ಅವಕಾಶ ಇರಲಿ ಅಂದಿತ್ತು. ಆ ಪ್ರಸ್ತಾಪ ಮುಂದುವರಿಸುತ್ತಿಲ್ಲ ಅಂತ 2017ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಹಾಗಾಗಿ ಭಾರತದಲ್ಲಿ ಇದು ನಡೆಯುವುದು ಸಹಕಾರ ಸಂಘ, ಟ್ರಸ್ಟುಗಳ ರೂಪದಲ್ಲಿ. 1961ರಲ್ಲಿ ಶುರುವಾದ ದೇವಬಂದಿನ ಮುಸ್ಲಿಂ ಫಂಡ್‌ನಂಥವು ಒಡವೆ ಅಡವಿಟ್ಟುಕೊಂಡು ಬಡ್ಡಿ ಇಲ್ಲದೆ ಸಾಲ ಕೊಡುತ್ತವೆ. ಒಡವೆಯೇ ಇಲ್ಲದವರಿಗೆ ಅಲ್ಲಿ ಬಾಗಿಲು ತೆರೆಯುವುದು ಕಷ್ಟ.

ಪಾಲುದಾರಿಕೆಗೆ ಅಡ್ಡಿ ಲೆಕ್ಕ ಸಿಗದಿರುವುದು ಅಂತ ಮೇಲೆ ಹೇಳಿದೆವು. ಈಗ ಆ ಅಡ್ಡಿ ಅರ್ಧ ಕರಗಿದೆ: ಗಾಡಿಯ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ದಿನದ ವ್ಯಾಪಾರವನ್ನು ತಾನೇ ಬರೆದಿಡುತ್ತದೆ. ದಿನದ ಗಳಿಕೆ ನೋಡಿ ಕಂತು ಏರಿಳಿಯುವಂತೆ, ಮಳೆ ಬಂದ ದಿನ ಸೊನ್ನೆ ಕಂತು ಆಗುವಂತೆ ಒಂದು ಆ್ಯಪ್ ಬರೆಯುವುದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿನ ಅಳತೆಯ ಕೆಲಸ. ಖರ್ಚಿನ ಲೆಕ್ಕ ಅದರಲ್ಲಿ ಸಿಗುವುದಿಲ್ಲ, ಕ್ಯಾಶ್ ವ್ಯಾಪಾರ ಸಿಗುವುದಿಲ್ಲ, ಆದರೂ ಶುರುವಿಗೆ ಸಾಕು. ಆದರೆ 2025ರ ಜುಲೈ ನೆನಪಿಸಿಕೊಳ್ಳಿ. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದೇ ತಡ, ಬೆಂಗಳೂರಿನ ಎಷ್ಟೋ ಅಂಗಡಿ, ಗಾಡಿಗಳ ಮೇಲಿಂದ ಕ್ಯೂಆರ್ ಕೋಡ್ ಕಿತ್ತುಬಂತು, ಅದೇ ಜಾಗದಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿತು. ಪಾಲುದಾರರಾಗಿ ಬರುವವರಿಗೆ ಬೇಕಾಗಿದ್ದ ಲೆಕ್ಕವೂ ಆ ಕೋಡಿನ ಜೊತೆಗೇ ಹೋಯಿತು.